ಬೆಳಕಿನಲ್ಲಿ ಎಣಿಸುವ ವಯಸ್ಸು

ಅಡುಗೆಮನೆಯಲ್ಲಿ ಹಿಂಡಿದ ನಿಂಬೆಹಣ್ಣಿನಿಂದ ನಾಲ್ಕು ಬೀಜ ಆರಿಸಿ ಕುಂಡದ ಮಣ್ಣಿಗೆ ಹಾಕಿದರೆ ಎರಡು ಮೂರು ವಾರದಲ್ಲಿ ಒಂದೆರಡಾದರೂ ಮೊಳೆಯುತ್ತವೆ. ಇದು ಯಾರ ಕೈಯಲ್ಲಾದರೂ ಆಗುವ ಕೆಲಸ. ಕಷ್ಟ ಶುರುವಾಗುವುದು ಆಮೇಲೆ. ಮೂರು ವರ್ಷ ಕಳೆಯುತ್ತದೆ, ಐದಾಗುತ್ತದೆ, ಎಂಟೂ ಆಗುತ್ತದೆ. ಕಿಟಕಿಯ ಪಕ್ಕದ ಗಿಡದಲ್ಲಿ ಎಲೆಯಿದೆ, ಉದ್ದುದ್ದ ಮುಳ್ಳಿದೆ, ಹೂವಿನ ಸುಳಿವಿಲ್ಲ. ಆಗ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಬೀಜದಿಂದ ಬಂದದ್ದಲ್ಲವೇ, ಜಾತಿ ಕೆಟ್ಟಿದೆ, ಅದು ಕಾಯಿ ಬಿಡುವುದಿಲ್ಲ ಎನ್ನುವುದು ಒಂದು. ಗೊಬ್ಬರ ಸಾಲದು ಎನ್ನುವುದು ಇನ್ನೊಂದು. ಎರಡೂ ಮಾತಿಗೆ ಸ್ವಲ್ಪ ಆಧಾರವಿದೆ, ಆದರೆ ಎರಡೂ ಮುಖ್ಯ ಕಾರಣವನ್ನು ಮುಟ್ಟುವುದಿಲ್ಲ. ಆ ಗಿಡ ಜಾತಿಗೆಟ್ಟದ್ದೂ ಅಲ್ಲ, ಹಸಿದದ್ದೂ ಅಲ್ಲ, ಅದಿನ್ನೂ ಎಳೆಯದು. ಅದರ ಎಳೆತನ ಕಳೆಯುವುದು ಕ್ಯಾಲೆಂಡರಿನ ವರ್ಷಗಳಿಂದಲ್ಲ, ಅದು ಬೆಳೆದ ಬೆಳವಣಿಗೆಯಿಂದ. ಆ ಬೆಳವಣಿಗೆಗೆ ಬೇಕಾದ ಬಂಡವಾಳ ಬೆಳಕು. ಮನೆಯೊಳಗಿನ ಬೆಳಕು ನಮ್ಮ ಕಣ್ಣಿಗೆ ಕಾಣುವುದಕ್ಕಿಂತ ಬಹಳ ಕಡಿಮೆಯಾದ್ದರಿಂದ ಅಲ್ಲಿನ ಗಿಡ ವರ್ಷಗಟ್ಟಲೆ ಬಾಲ್ಯದಲ್ಲೇ ಉಳಿಯುತ್ತದೆ. ಈ ಅಧ್ಯಾಯದ ವಾದ ಇಷ್ಟೇ. ಆದರೆ ಅಲ್ಲಿಗೆ ತಲುಪಬೇಕಾದರೆ ಮೊದಲು ಬೀಜದೊಳಗೆ ಇಣುಕಬೇಕು, ಯಾಕೆಂದರೆ ನಿಂಬೆಯ ಬೀಜ ಹುರುಳಿ, ಕಡಲೆಯಂಥ ಬೀಜವಲ್ಲ.

ಮೊದಲ ವ್ಯತ್ಯಾಸ ಬಿತ್ತುವ ಮೊದಲೇ ತಿಳಿಯುತ್ತದೆ. ಧಾನ್ಯದ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೆ ಮುಂದಿನ ವರ್ಷಕ್ಕೂ ಅದರಲ್ಲಿ ಜೀವವಿರುತ್ತದೆ. ನಿಂಬೆ ಬೀಜ ಒಣಗುವುದನ್ನು ಸಹಿಸುವುದಿಲ್ಲ. ಬಿಸಿಲಿಗೆ ಹರಡಿ ಗರಿಗರಿಯಾಗಿಸಿದರೆ ಒಳಗಿನ ಜೀವ ಹೋಗಿಬಿಡುತ್ತದೆ. ಹಣ್ಣಿನಿಂದ ತೆಗೆದದ್ದನ್ನು ತೊಳೆದು, ಮೇಲಿನ ಲೋಳೆ ಕಳೆದು, ಅಂದೇ ಬಿತ್ತುವುದು ಸರಿ. ಹೊರಗಿನ ಕೆನೆಬಣ್ಣದ ಗಟ್ಟಿ ಸಿಪ್ಪೆಯನ್ನು ಉಗುರಿನಿಂದ ಬಿಡಿಸಿದರೆ ಮೊಳಕೆ ಇನ್ನೂ ಬೇಗ ಬರುತ್ತದೆ. ಹಾಗೆ ಬಿಡಿಸಿದ ಬೀಜವನ್ನು ಬೆಳಕಿಗೆ ಹಿಡಿದು ನೋಡಬೇಕು. ತೆಳು ಕಂದು ಪೊರೆಯ ಕೆಳಗೆ ಎರಡು ಬೇಳೆಗಳಿರಬೇಕೆಂದು ನಾವು ನಿರೀಕ್ಷಿಸುತ್ತೇವೆ. ಎಷ್ಟೋ ಬೀಜಗಳಲ್ಲಿ ಅಲ್ಲಿ ಸಣ್ಣದೂ ದೊಡ್ಡದೂ ಆದ ಮೂರು ನಾಲ್ಕು ತುಣುಕುಗಳು ಒಂದಕ್ಕೊಂದು ಒತ್ತಿಕೊಂಡು, ಅಂಕುಡೊಂಕಾಗಿ ಕೂತಿರುತ್ತವೆ. ಅಂಥದ್ದನ್ನು ಬಿತ್ತಿದರೆ ಒಂದೇ ಬೀಜದಿಂದ ಎರಡು, ಕೆಲವೊಮ್ಮೆ ಮೂರು ಸಸಿಗಳು ಏಳುತ್ತವೆ. ಒಂದು ಹುಷಾರಾಗಿ ಮೇಲೇರಿದರೆ ಇನ್ನೊಂದು ಅದರ ಪಕ್ಕದಲ್ಲೇ ಕುಳ್ಳಗೆ ಉಳಿಯುತ್ತದೆ. ಬೇಳೆ ಮಣ್ಣಿನೊಳಗೇ ಉಳಿಯುವುದರಿಂದ, ಕೆದಕಿ ನೋಡದವರಿಗೆ ಇವೆಲ್ಲ ಬೇರೆ ಬೇರೆ ಬೀಜದವೆಂದೇ ಅನಿಸುತ್ತದೆ.

ಕಿತ್ತಳೆಯ ಬೀಜದಲ್ಲಿ ಹೀಗೆ ಒಂದಕ್ಕಿಂತ ಹೆಚ್ಚು ಸಸಿಗಳಿರುವುದನ್ನು 1719ರಲ್ಲೇ ಗುರುತಿಸಿದವನು ಹಾಲೆಂಡಿನ ಸೂಕ್ಷ್ಮದರ್ಶಕ ತಜ್ಞ ಲೇವನ್‌ಹುಕ್. ಇದರ ಕಾರಣ ತಿಳಿಯಲು ಒಂದೂವರೆ ಶತಮಾನ ಬೇಕಾಯಿತು. 1878ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಸ್ಟ್ರಾಸ್‌ಬರ್ಗರ್, ಈ ಹೆಚ್ಚುವರಿ ಭ್ರೂಣಗಳು ಪರಾಗಸ್ಪರ್ಶದಿಂದ ಹುಟ್ಟಿದವಲ್ಲ, ಭ್ರೂಣಚೀಲವನ್ನು ಸುತ್ತುವರಿದ ತಾಯಿಯದೇ ಅಂಗಾಂಶದಿಂದ ಮೊಗ್ಗಿನಂತೆ ಒಡೆದವು ಎಂದು ತೋರಿಸಿದ. ಆ ಅಂಗಾಂಶಕ್ಕೆ ನ್ಯೂಸೆಲಸ್ ಎಂದು ಹೆಸರು. ಅಲ್ಲಿಂದ ಹುಟ್ಟಿದ ಭ್ರೂಣಕ್ಕೆ ತಂದೆಯ ಪಾಲು ಇಲ್ಲ. ವಂಶವಾಹಿಗಳ ಮಟ್ಟಿಗೆ ಅದು ತಾಯಿಮರದ ಪ್ರತಿರೂಪ. ತಂದೆತಾಯಿ ಇಬ್ಬರಿಂದ ಹುಟ್ಟಿದ ನಿಜವಾದ ಭ್ರೂಣವೂ ಅದೇ ಬೀಜದಲ್ಲಿರಬಹುದು, ಆದರೆ ಹಲವು ಸಲ ಅದು ಈ ಗುಂಪಿನ ಒತ್ತಡದಲ್ಲಿ ಬಡವಾಗುತ್ತದೆ ಇಲ್ಲವೆ ಸಾಯುತ್ತದೆ. ನಮ್ಮ ದೇಶದಲ್ಲಿ ಈ ವಿಷಯಕ್ಕೆ ಒಳ್ಳೆಯ ಪರಂಪರೆಯೇ ಇದೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಸಸ್ಯಭ್ರೂಣಶಾಸ್ತ್ರದ ಶಾಲೆಯನ್ನೇ ಕಟ್ಟಿದ ಪಂಚಾನನ ಮಹೇಶ್ವರಿ ಮತ್ತು ಅವರೊಂದಿಗಿದ್ದ ಎನ್. ಎಸ್. ರಂಗಸ್ವಾಮಿ 1958ರ ಹೊತ್ತಿಗೆ ನಿಂಬೆ ಬಳಗದ ಭ್ರೂಣ ಮತ್ತು ನ್ಯೂಸೆಲಸ್ಸನ್ನು ಗಾಜಿನ ನಳಿಗೆಯಲ್ಲಿ ಬೆಳೆಸುವ ಪ್ರಯೋಗಗಳನ್ನು ವರದಿ ಮಾಡಿದ್ದರು. 2017ರಲ್ಲಿ ಚೀನಾದ ವುಹಾನ್‌ನಲ್ಲಿರುವ ಹುವಾಝೊಂಗ್ ಕೃಷಿ ವಿಶ್ವವಿದ್ಯಾಲಯದ ತಂಡ ಇದರ ಹಿಂದಿನ ಒಂದು ಜೀನ್‌ನತ್ತ ಬೊಟ್ಟು ಮಾಡಿತು. ಡಿಎನ್‌ಎಯಲ್ಲಿ ಜಾಗದಿಂದ ಜಾಗಕ್ಕೆ ಜಿಗಿಯಬಲ್ಲ ಸಣ್ಣ ತುಣುಕೊಂದು ಎಂದೋ ಆ ಜೀನಿನ ಮುಂಬಾಗಿಲಲ್ಲಿ ಬಂದು ಕೂತಿದೆ. ಅದು ಕೂತ ಜಾತಿಗಳಲ್ಲಿ ಬಹುಭ್ರೂಣ ಕಾಣುತ್ತದೆ. ಕೂರದ ಚಕ್ಕೋತ, ಮಾದಳದಂಥವುಗಳ ಬೀಜದಲ್ಲಿ ಒಂದೇ ಭ್ರೂಣ.

ಹಾಗಾಗಿ ಜಾತಿ ಕೆಡುತ್ತದೆ ಎಂಬ ಆಕ್ಷೇಪಕ್ಕೆ ಉತ್ತರ ಯಾವ ಹಣ್ಣಿನ ಬೀಜ ಎಂಬುದರ ಮೇಲೆ ನಿಂತಿದೆ. ಚಕ್ಕೋತದ ಬೀಜ ಬಿತ್ತಿದವರಿಗೆ ಆಕ್ಷೇಪ ಪೂರ್ತಿ ಸರಿ. ಅಲ್ಲಿ ಪ್ರತಿ ಸಸಿಯೂ ಹೊಸ ಮಿಶ್ರಣ, ಹಣ್ಣು ಹೇಗಿರುತ್ತದೆಂದು ಹೇಳಲಾಗದು. ಯೂರೋಪು, ಅಮೆರಿಕದ ಅಡುಗೆಯಲ್ಲಿ ಬಳಕೆಯಾಗುವ, ತುದಿಗೆ ತೊಟ್ಟಿರುವ ದೊಡ್ಡ ಹಳದಿ ಲೆಮನ್‌ನಲ್ಲಿ ಬಹುಭ್ರೂಣ ಇದೆ, ಆದರೆ ಪೂರ್ತಿಯಾಗಿ ಅಲ್ಲ. ನಮ್ಮ ಪಾನಕ, ಉಪ್ಪಿನಕಾಯಿ, ಚಿತ್ರಾನ್ನದ ತೆಳು ಸಿಪ್ಪೆಯ ಕಾಗ್ಜಿ ನಿಂಬೆಯಲ್ಲಿ ಅದು ಎಷ್ಟು ನೆಚ್ಚಬಹುದಾದ ಗುಣವೆಂದರೆ, ದೇಶದ ಕಾಗ್ಜಿ ತೋಟಗಳು ಬಹುಪಾಲು ಎದ್ದಿರುವುದೇ ಬೀಜದ ಸಸಿಗಳಿಂದ. ವಿಜಯಪುರ ಜಿಲ್ಲೆಯ ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಬೀಜದ ಗಿಡ ಎಂದರೆ ಕಾಯಿ ಬಿಡದ ಗಿಡ ಎಂಬುದು ನಿಜವಾಗಿದ್ದರೆ ಇಷ್ಟು ತೋಟಗಳು ಇರುತ್ತಿರಲಿಲ್ಲ. ನರ್ಸರಿಯವರು ಮಡಿಯಲ್ಲಿ ತೀರಾ ಕುಳ್ಳಗಿರುವ, ಎಲೆಯ ಆಕಾರ ಬೇರೆಯಿರುವ ಸಸಿಗಳನ್ನು ಕಿತ್ತು ಒಂದೇ ಎತ್ತರದ, ಒಂದೇ ರೂಪದವನ್ನು ಇಟ್ಟುಕೊಳ್ಳುತ್ತಾರೆ. ಭ್ರೂಣಶಾಸ್ತ್ರ ತಿಳಿಯದೆಯೂ ಅವರು ಮಾಡುತ್ತಿರುವುದು ತಂದೆಯ ಪಾಲಿರುವ ಸಸಿಗಳನ್ನು ಬೇರ್ಪಡಿಸುವ ಕೆಲಸವೇ. ಮನೆಯಲ್ಲಿ ಬಿತ್ತುವವರೂ ಒಂದೇ ಬೀಜದಿಂದ ಎರಡು ಸಸಿ ಬಂದಲ್ಲಿ ಗಟ್ಟಿಯಾದದ್ದನ್ನು ಉಳಿಸಿಕೊಂಡರೆ ಸಾಕು.

ಈಗ ನಿಜವಾದ ಒಗಟು ಎದುರಾಗುತ್ತದೆ. ಸಸಿ ತಾಯಿಯದೇ ಪ್ರತಿರೂಪವಾದರೆ, ತಾಯಿ ವರ್ಷಕ್ಕೆ ಎರಡು ಮೂರು ಸಲ ಹೂ ಬಿಡುತ್ತಿರುವಾಗ, ಇದು ಯಾಕೆ ಬಿಡುವುದಿಲ್ಲ? ತಾಯಿಯ ಕೊಂಬೆಯಿಂದ ಒಂದು ಕಣ್ಣು ತೆಗೆದು ಬೇರೆ ಸಸಿಗೆ ಕಸಿ ಮಾಡಿದರೆ ಅದು ಒಂದೆರಡು ವರ್ಷದಲ್ಲಿ ಹೂ ಬಿಡುತ್ತದೆ. ಅದೇ ತಾಯಿಯ ಬೀಜದಿಂದ ಬಂದ, ಅದೇ ವಂಶವಾಹಿಗಳ ಸಸಿ ಬಿಸಿಲಿನ ತೋಟದಲ್ಲೂ ನಾಲ್ಕೈದು ವರ್ಷ ಕಾಯಿಸುತ್ತದೆ; ಕಿತ್ತಳೆ ಇನ್ನೂ ಹೆಚ್ಚು ಕಾಯಿಸುತ್ತದೆ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ನಿಂಬೆ ಸಂಶೋಧನಾ ಕೇಂದ್ರದ ಹೋವರ್ಡ್ ಫ್ರಾಸ್ಟ್ 20ನೆಯ ಶತಮಾನದ ಮೊದಲರ್ಧದಲ್ಲಿ ಇದನ್ನು ದಶಕಗಳ ಕಾಲ ಗಮನಿಸಿದರು. ನ್ಯೂಸೆಲಸ್‌ನಿಂದ ಹುಟ್ಟಿದ ಗಿಡಗಳು ತಾಯಿಗಿಂತ ಹುರುಪಾಗಿ, ನೆಟ್ಟಗೆ, ಮೈತುಂಬ ಮುಳ್ಳಾಗಿ ಬೆಳೆದವು, ತಡವಾಗಿ ಹೂ ಬಿಟ್ಟವು. ಜೊತೆಗೆ, ತಾಯಿಮರದಲ್ಲಿ ಸೇರಿಕೊಂಡಿದ್ದ ಹೆಚ್ಚಿನ ವೈರಸ್ ರೋಗಗಳು ಅವುಗಳಿಗೆ ದಾಟಿರಲಿಲ್ಲ. ಭ್ರೂಣದ ಹಾದಿಯಲ್ಲಿ ಒಮ್ಮೆ ಹಾದುಬಂದ ಜೀವಕೋಶ ಮರದ ವಯಸ್ಸನ್ನು ಕಳಚಿಕೊಂಡು ಬರುತ್ತದೆ ಎಂದೇ ಇದರ ಅರ್ಥ. ಕಸಿಯ ಕಣ್ಣಾದರೆ ವಯಸ್ಸನ್ನು ಹೊತ್ತುಕೊಂಡೇ ಬರುತ್ತದೆ. ಎಂದಮೇಲೆ ವಯಸ್ಸು ಡಿಎನ್‌ಎಯ ಅಕ್ಷರಗಳಲ್ಲಿಲ್ಲ. ಆ ಅಕ್ಷರಗಳಲ್ಲಿ ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂಬ ನಿಯಂತ್ರಣದಲ್ಲಿದೆ.

ಆ ನಿಯಂತ್ರಣ ಗಿಡದ ಯಾವ ಭಾಗದಲ್ಲಿದೆ ಎಂಬುದನ್ನು ಮುಳ್ಳೇ ತೋರಿಸುತ್ತದೆ. ಬೀಜದ ನಿಂಬೆಯ ಕಾಂಡವನ್ನು ಬುಡದಿಂದ ತುದಿಯವರೆಗೆ ಒಂದೊಂದೇ ಗೆಣ್ಣು ನೋಡುತ್ತ ಹೋಗಬಹುದು. ಮೊದಲ ಜೋಡಿ ಎಲೆಗಳು ಎದುರುಬದುರಾಗಿ ಬರುತ್ತವೆ, ಆಮೇಲಿನವು ಒಂದು ಬಿಟ್ಟು ಒಂದು. ಪ್ರತಿ ಎಲೆಯ ಕಂಕುಳಲ್ಲಿ ಒಂದು ಮೊಗ್ಗು, ಅದರ ಪಕ್ಕದಲ್ಲಿ ಒಂದು ಮುಳ್ಳು. ಮುಳ್ಳೆಂದರೆ ಬೆಳೆಯುವುದನ್ನು ಅರ್ಧದಲ್ಲೇ ನಿಲ್ಲಿಸಿ ಚೂಪಾದ ಕೊಂಬೆ. 2020ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ನಿಂಬೆ ಬಳಗದ ಗಿಡದಲ್ಲಿ ಹೀಗೆ ಬೆಳವಣಿಗೆ ನಿಲ್ಲಿಸುವ ಎರಡು ಜೀನ್‌ಗಳನ್ನು ಕೆಡಿಸಿದಾಗ ಮುಳ್ಳಿನ ಜಾಗದಲ್ಲಿ ಕೊಂಬೆಗಳೇ ಬೆಳೆದವು. ಬೀಜದ ಮರ ಎತ್ತರಕ್ಕೆ ಹೋದಂತೆ ಮೇಲಿನ ಗೆಣ್ಣುಗಳಲ್ಲಿ ಮುಳ್ಳು ಗಿಡ್ಡವಾಗುತ್ತ ಬರುತ್ತದೆ, ಮೊದಲ ಹೂ ಕಾಣುವುದೂ ಅಲ್ಲೇ, ನೆತ್ತಿಯಲ್ಲಿ. ಅದೇ ಹೊತ್ತಿಗೆ ಬುಡದಿಂದ ಹೊಸ ಚಿಗುರು ಒಡೆದರೆ ಅದು ಮತ್ತೆ ಉದ್ದ ಮುಳ್ಳಿನ ಎಳೆಯ ಕೊಂಬೆ. ಒಂದೇ ಮರದಲ್ಲಿ ಬುಡ ಮಗು, ತುದಿ ಪ್ರೌಢ. ಚಿಗುರಿನ ತುದಿಯಲ್ಲಿರುವ ಬೆಳೆಯುವ ಕೋಶಗಳು ಗೆಣ್ಣಿನ ಮೇಲೆ ಗೆಣ್ಣು ಕಟ್ಟುತ್ತ ಹೋದಂತೆ ಅವುಗಳ ಸ್ಥಿತಿ ಬದಲಾಗುತ್ತದೆ; ಕಳೆದ ವರ್ಷಗಳಿಗಿಂತ ಕಟ್ಟಿದ ಗೆಣ್ಣುಗಳೇ ವಯಸ್ಸಿಗೆ ಹತ್ತಿರದ ಅಳತೆ. ಈ ಬಾಲ್ಯ ಒಂದು ಜೈವಿಕ ಸ್ವಿಚ್ಚಿಗೆ ಕಟ್ಟುಬಿದ್ದಿದೆ ಎಂಬುದಕ್ಕೆ ಸ್ಪೇನಿನ ವಲೆನ್ಸಿಯಾದಲ್ಲಿ 2001ರಲ್ಲಿ ಲಿಯಾಂಡ್ರೊ ಪೆನ್ಯ ಮತ್ತವರ ಸಂಗಡಿಗರು ಕೊಟ್ಟ ಪುರಾವೆ ಬಲವಾದದ್ದು. ಸಾಸಿವೆಯ ಹತ್ತಿರದ ಸಂಬಂಧಿಯಾದ ಒಂದು ಪುಟ್ಟ ಕಳೆಗಿಡದಿಂದ ಹೂವಿನ ಜೀನ್ ಒಂದನ್ನು ನಿಂಬೆ ಬಳಗದ ಸಸಿಗೆ ಸೇರಿಸಿದಾಗ, ವರ್ಷಗಟ್ಟಲೆ ಕಾಯಿಸಬೇಕಿದ್ದ ಸಸಿ ಮೊದಲ ವರ್ಷದಲ್ಲೇ ಹೂ ಬಿಟ್ಟಿತು. ಹೂ ಕಟ್ಟಲು ಬೇಕಾದ ಸಲಕರಣೆ ಎಳೆಯ ಸಸಿಯಲ್ಲೂ ಇದೆ. ಅದನ್ನು ಬಳಸುವ ಅಪ್ಪಣೆ ಇನ್ನೂ ಸಿಕ್ಕಿರುವುದಿಲ್ಲ.

ಇಲ್ಲೊಂದು ಆಕ್ಷೇಪ ಬರಬಹುದು. ಮೊಳೆತು ಕೆಲವೇ ತಿಂಗಳಾದ ಸಸಿ ಕಿಟಕಿಯಲ್ಲಿ ಒಂದು ಹೂ ಬಿಟ್ಟಿದ್ದನ್ನು ನೋಡಿದವರಿದ್ದಾರಲ್ಲ? ಇದ್ದಾರೆ, ಅದು ಸುಳ್ಳಲ್ಲ. ನಿಂಬೆ ಬಳಗದಲ್ಲಿ, ವಿಶೇಷವಾಗಿ ಗ್ರೇಪ್‌ಫ್ರೂಟ್ ಸಸಿಗಳಲ್ಲಿ, ಇಂಥ ಅಕಾಲದ ಹೂವು ದಾಖಲಾಗಿದೆ. ಆದರೆ ಹಾಗೆ ಒಮ್ಮೆ ಹೂ ಬಿಟ್ಟ ಸಸಿ ಮತ್ತೆ ವರ್ಷಗಟ್ಟಲೆ ಸುಮ್ಮನಾಗುತ್ತದೆ, ಬಾಲ್ಯವನ್ನು ಪೂರ್ತಿ ಮುಗಿಸಿಯೇ ನಿಜವಾದ ಹೂ ಬಿಡುತ್ತದೆ. ಅಪ್ಪಣೆಯ ವ್ಯವಸ್ಥೆ ಇನ್ನೂ ಬಿಗಿಯಾಗುವ ಮೊದಲಿನ ಒಂದು ಸೋರಿಕೆ ಎಂದು ಅದನ್ನು ನಾನು ನೋಡುತ್ತೇನೆ; ಗೆಣ್ಣಿನ ಲೆಕ್ಕವನ್ನು ಅದು ಸುಳ್ಳು ಮಾಡುವುದಿಲ್ಲ.

ಗೆಣ್ಣು ಕಟ್ಟಲು ಸಕ್ಕರೆ ಬೇಕು, ಸಕ್ಕರೆಗೆ ಬೆಳಕು ಬೇಕು. ನಮ್ಮ ಕಣ್ಣು ಇಲ್ಲಿ ದಾರಿ ತಪ್ಪಿಸುತ್ತದೆ. ಬಯಲಿನ ನಡುಮಧ್ಯಾಹ್ನದಿಂದ ಹಜಾರಕ್ಕೆ ಬಂದರೆ ಅರೆಕ್ಷಣ ಕತ್ತಲೆನಿಸಿ, ಕಣ್ಣು ಹೊಂದಿಕೊಂಡು, ಆಮೇಲೆ ಎಲ್ಲವೂ ಬೆಳಕಾಗಿಯೇ ಕಾಣುತ್ತದೆ. ಅಳೆದು ನೋಡಿದರೆ ಬಯಲಲ್ಲಿ ಸುಮಾರು 1 ಲಕ್ಷ ಲಕ್ಸ್ ಇದ್ದ ಬೆಳಕು ಹಜಾರದ ನಡುವೆ 200ರ ಆಸುಪಾಸಿಗೆ ಇಳಿದಿರುತ್ತದೆ. ಗಿಡಕ್ಕೆ ಮುಖ್ಯವಾದದ್ದು ಒಂದು ಕ್ಷಣದ ಬೆಳಕಲ್ಲ, ದಿನವಿಡೀ ಎಲೆಗೆ ಬಿದ್ದ ಬೆಳಕಿನ ಕಣಗಳ ಮೊತ್ತ. ಅದನ್ನು ಮೋಲ್ ಎಂಬ ಅಳತೆಯಲ್ಲಿ ಎಣಿಸುತ್ತಾರೆ. ನಮ್ಮ ನಾಡಿನ ಮೋಡವಿಲ್ಲದ ದಿನ ಒಂದು ಚದರ ಮೀಟರ್ ಬಯಲಿಗೆ ಸುಮಾರು 40 ಮೋಲ್ ಬೀಳುತ್ತದೆ. 200 ಲಕ್ಸ್ ಬೆಳಕು 12 ಗಂಟೆ ಇದ್ದರೂ ಮೊತ್ತ 0.16 ಮೋಲ್ ದಾಟದು. ಎರಡರ ನಡುವೆ ಸುಮಾರು 250 ಪಟ್ಟು ಅಂತರ. ನಿಂಬೆಯ ಒಂದೊಂದು ಎಲೆ ಬಿಸಿಲಿನ ಮೂರನೇ ಒಂದು ಭಾಗದಷ್ಟು ಬೆಳಕಿಗೇ ತೃಪ್ತವಾಗುತ್ತದೆ ಎಂಬುದು ನಿಜ, ಅದಕ್ಕಿಂತ ಹೆಚ್ಚಿನದು ಆ ಎಲೆಗೆ ಉಪಯೋಗಕ್ಕೆ ಬಾರದು. ಆದರೆ ಇಡೀ ಗಿಡಕ್ಕೆ ಈ ರಿಯಾಯಿತಿ ಸಿಗುವುದಿಲ್ಲ, ಒಂದು ಎಲೆಯ ನೆರಳು ಇನ್ನೊಂದರ ಮೇಲೆ ಬೀಳುತ್ತಿರುತ್ತದೆ. ಅಲ್ಲದೆ ಗಿಡ ಹಗಲು ರಾತ್ರಿ ಉಸಿರಾಡುತ್ತದೆ, ಬೇರು ಮತ್ತು ಕಾಂಡವೂ ಸಕ್ಕರೆ ಸುಡುತ್ತಲೇ ಇರುತ್ತವೆ. ಬೆಳಗಿನಿಂದ ಸಂಜೆಯವರೆಗಿನ ಗಳಿಕೆ ಈ ಖರ್ಚಿಗಷ್ಟೇ ಸಾಲುವ ಜಾಗದಲ್ಲಿ ಗಿಡ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಅಂಥ ಗಿಡದ ಕಾಂಡದಲ್ಲಿ ಎರಡು ಎಲೆಗಳ ನಡುವಿನ ಅಂತರ ಉದ್ದವಾಗಿರುತ್ತದೆ, ಎಲೆ ಅಗಲವಾಗಿ ತೆಳುವಾಗಿರುತ್ತದೆ, ಕಾಂಡ ಕಿಟಕಿಯತ್ತ ವಾಲಿರುತ್ತದೆ. ಎತ್ತರ ನೋಡಿದರೆ ಬೆಳೆದಂತಿದೆ. ಗೆಣ್ಣು ಎಣಿಸಿದರೆ ಕೆಲವೇ ಇವೆ.

ಅದೇ ಕೋಣೆಯಲ್ಲಿ ಮನಿಪ್ಲಾಂಟ್ ಸೊಗಸಾಗಿ ಬೆಳೆಯುತ್ತಿದೆಯಲ್ಲ ಎಂದು ಕೇಳುವವರಿಗೆ ಉತ್ತರ ಎರಡರ ತವರಿನಲ್ಲಿದೆ. ಮನಿಪ್ಲಾಂಟ್ ಮಳೆಕಾಡಿನ ದೊಡ್ಡ ಮರಗಳ ನೆರಳಲ್ಲಿ ಹಬ್ಬುವ ಬಳ್ಳಿ. ಉಸಿರಾಟದ ಖರ್ಚು ಕಡಿಮೆ, ಮಂದ ಬೆಳಕಿನಲ್ಲೇ ಲಾಭ ತೆಗೆಯಬಲ್ಲದು. ನಿಂಬೆ ಬಳಗದ ಮೂಲ ಹಿಮಾಲಯದ ಆಗ್ನೇಯ ತಪ್ಪಲು, ಅಸ್ಸಾಮಿನ ಪೂರ್ವಭಾಗದಿಂದ ಮ್ಯಾನ್ಮಾರ್ ದಾಟಿ ಯುನ್ನಾನ್‌ವರೆಗಿನ ಪ್ರದೇಶ ಎಂದು 2018ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ಹೇಳುತ್ತದೆ. ನಮ್ಮ ಕಾಗ್ಜಿ ನಿಂಬೆಯ ಒಂದು ಕಡೆಯ ಪೂರ್ವಜ ಮಾದಳ, ಇನ್ನೊಂದು ಕಡೆಯದು ಫಿಲಿಪೀನ್ಸಿನ ಕಾಡುನಿಂಬೆ. ಈ ಬಳಗ ಕೃಷಿಗೆ ಬಂದಮೇಲೆ ಸಾವಿರಾರು ವರ್ಷ ಮನುಷ್ಯರು ಆರಿಸಿ ಬೆಳೆಸಿದ್ದು ತೆರೆದ ಬಿಸಿಲಲ್ಲಿ, ಹಣ್ಣಿಗಾಗಿ. ಹಣ್ಣು ದುಬಾರಿ ಸರಕು. ಎಲೆ ಮಾತ್ರ ಸಾಕೆನ್ನುವ ಗಿಡಕ್ಕೂ ರಸ ತುಂಬಿದ ಹಣ್ಣು ಕಟ್ಟಬೇಕಾದ ಗಿಡಕ್ಕೂ ಒಂದೇ ಪ್ರಮಾಣದ ಬೆಳಕು ಸಾಲದು.

ಕಿಟಕಿಯ ವಿಷಯದಲ್ಲಿ ನಾವು ಓದುವ ಸಲಹೆಗಳಲ್ಲಿ ಒಂದು ದೊಡ್ಡ ತೊಡಕಿದೆ. ನಿಂಬೆಯನ್ನು ದಕ್ಷಿಣದ ಕಿಟಕಿಯಲ್ಲಿಡಿ ಎನ್ನುವ ಮಾತು ಹುಟ್ಟಿದ್ದು ಲಂಡನ್ನಿನಂಥ ಜಾಗದಲ್ಲಿ. ಅಲ್ಲಿ ನಡುಹಗಲ ಸೂರ್ಯ ಜೂನ್‌ನಲ್ಲೂ 62 ಡಿಗ್ರಿಗಿಂತ ಮೇಲೇರುವುದಿಲ್ಲ, ಡಿಸೆಂಬರ್‌ನಲ್ಲಿ 15 ಡಿಗ್ರಿ, ಯಾವಾಗಲೂ ದಕ್ಷಿಣಕ್ಕೇ. ದಕ್ಷಿಣದ ಕಿಟಕಿಗೆ ವರ್ಷವಿಡೀ ಸೂರ್ಯ ಕಾಣುತ್ತಾನೆ, ಆದರೆ ಚಳಿಗಾಲದ ಹಗಲು 8 ಗಂಟೆಯೂ ಇಲ್ಲ, ಆ ಬಿಸಿಲೂ ದುರ್ಬಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ಶೂನ್ಯ ನೆರಳಿನ ದಿನ ಬರುತ್ತದೆ. ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆ ಎರಡು ದಿನಗಳ ನಡುವೆ ನಡುಹಗಲ ಸೂರ್ಯ ಉತ್ತರಕ್ಕೆ ಸರಿದಿರುವುದರಿಂದ ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಇಲ್ಲ. ಹೆಚ್ಚುಕಡಿಮೆ ಇಡೀ ವರ್ಷ ಸೂರ್ಯ ಎತ್ತರದಲ್ಲಿರುವುದರಿಂದ ಕಿಟಕಿಯ ಮೇಲಿನ ಸಜ್ಜಾವೇ ಮಧ್ಯಾಹ್ನದ ಬಿಸಿಲನ್ನು ತಡೆಯುತ್ತದೆ. ಮನೆ ತಂಪಾಗಿರಲೆಂದೇ ಅದನ್ನು ಕಟ್ಟಿರುವುದು. ಉಳಿದ ಬೆಳಕಿನಲ್ಲಿ ಸೊಳ್ಳೆಪರದೆಯ ಜಾಲರಿ ಒಂದು ಪಾಲನ್ನು ತಿನ್ನುತ್ತದೆ, ಎದುರಿನ ಕಟ್ಟಡ ಇನ್ನೊಂದು ಪಾಲನ್ನು. ನಮ್ಮಲ್ಲಿ ನಿಂಬೆಗೆ ಒಳ್ಳೆಯದು ಪೂರ್ವದ ಇಲ್ಲವೆ ಪಶ್ಚಿಮದ ಕಿಟಕಿ, ಯಾಕೆಂದರೆ ಬೆಳಗ್ಗೆ ಸಂಜೆ ಸೂರ್ಯ ತಗ್ಗಿನಲ್ಲಿದ್ದು ಬೆಳಕು ಸಜ್ಜಾದ ಕೆಳಗಿನಿಂದ ಒಳಗೆ ಬರುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ದಕ್ಷಿಣವೂ ಆಗಬಹುದು. ಕಿಟಕಿಯಿಂದ ಎರಡು ಮೀಟರ್ ಒಳಗಿಟ್ಟರೆ ದಿಕ್ಕು ಯಾವುದಾದರೂ ಒಂದೇ. ಗಿಡದ ಪಾಲಿಗೆ ಕಾಣುವ ಆಕಾಶ ಒಂದು ಚೂರು ಮಾತ್ರ.

ಯೂರೋಪಿನ ಅರಮನೆಗಳಲ್ಲಿ ಶತಮಾನಗಳ ಕಾಲ ಕಟ್ಟಡದೊಳಗೆ ನಿಂಬೆ, ಕಿತ್ತಳೆ ಬೆಳೆಸಿದರಲ್ಲ ಎಂಬ ಪ್ರಶ್ನೆಯೂ ಇದೆ. ವರ್ಸೈನಲ್ಲಿ 1684ರಿಂದ 1686ರ ನಡುವೆ ವಾಸ್ತುಶಿಲ್ಪಿ ಆರ್ದೂಆಂ ಮಾನ್ಸಾರ್ ಕಟ್ಟಿದ ಕಿತ್ತಳೆ ಮನೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಆದರೆ ಆ ಕಟ್ಟಡದ ಕೆಲಸ ಹಿಮದಿಂದ ಕಾಪಾಡುವುದು. ದಪ್ಪ ಗೋಡೆ, ದಕ್ಷಿಣಕ್ಕೆ ಎತ್ತರದ ಗಾಜಿನ ಬಾಗಿಲುಗಳು. ಮೇ ತಿಂಗಳಲ್ಲಿ ಮರದ ಪೆಟ್ಟಿಗೆಗಳಲ್ಲಿದ್ದ ಗಿಡಗಳನ್ನು ಹೊರಗೆ ಅಂಗಳಕ್ಕೆ ಸಾಗಿಸುತ್ತಿದ್ದರು, ಅಕ್ಟೋಬರ್‌ನಲ್ಲಿ ಮತ್ತೆ ಒಳಗೆ. ಗಿಡ ಬೆಳೆದದ್ದು, ಹೂ ಕಟ್ಟಿದ್ದು ಬೇಸಿಗೆಯ ಅಂಗಳದಲ್ಲಿ. ಒಳಗೆ ಅದು ಚಳಿಗಾಲ ಕಳೆಯಿತು, ಅಷ್ಟೇ. ಇಟಲಿಯ ನಿಂಬೆ ಮನೆಗಳ ಕ್ರಮವೂ ಇದೇ. ವರ್ಷದ ಹನ್ನೆರಡು ತಿಂಗಳೂ ಕೋಣೆಯಲ್ಲೇ ಇಟ್ಟು ಹಣ್ಣು ಪಡೆಯುವ ಪದ್ಧತಿ ಆ ಶ್ರೀಮಂತರಿಗೂ ಇರಲಿಲ್ಲ. ಹಿಮವೇ ಇಲ್ಲದ ಕರ್ನಾಟಕದಲ್ಲಿ ನಿಂಬೆಯನ್ನು ಒಳಗಿಡುವುದಕ್ಕೆ ಹವಾಮಾನದ ಕಾರಣ ಯಾವುದೂ ಇಲ್ಲ, ಜಾಗದ ಕಾರಣ ಮಾತ್ರ ಇದೆ. ಬಾಲ್ಕನಿಯ ಕಟಕಟೆಯ ಪಕ್ಕ ಒಂದು ಅಡಿ ಜಾಗ ಸಿಕ್ಕರೂ ಅದು ಒಳಗಿನ ಅತ್ಯುತ್ತಮ ಮೂಲೆಗಿಂತ ಮೇಲು.

ಬಾಲ್ಕನಿಯೂ ಇಲ್ಲದವರು ದೀಪ ಹಾಕಬಹುದು. ಇದನ್ನು ಅನುಕೂಲಸ್ಥರ ಹವ್ಯಾಸವೆಂದು ತಳ್ಳಿಹಾಕುವುದು ಸರಿಯಲ್ಲ, ಲೆಕ್ಕ ಹಾಕಿಯೇ ನೋಡಬೇಕು. 20 ವ್ಯಾಟಿನ ಒಳ್ಳೆಯ ಬಿಳಿ ಎಲ್‌ಇಡಿ ದೀಪವನ್ನು ಅರ್ಧ ಮೀಟರ್ ಉದ್ದಗಲದ ಜಾಗದ ಮೇಲೆ, ಗಿಡದ ನೆತ್ತಿಗೆ ಒಂದು ಅಡಿ ಎತ್ತರದಲ್ಲಿ, ದಿನಕ್ಕೆ 14 ಗಂಟೆ ಉರಿಸಿದರೆ ಸುಮಾರು 8 ಮೋಲ್ ಬೆಳಕು ಸಿಗುತ್ತದೆ. ಅತ್ತಿತ್ತ ಚೆಲ್ಲಿಹೋದದ್ದನ್ನು ಕಳೆದರೂ ಐದಾರು ಉಳಿಯುತ್ತದೆ. ಹಜಾರದ ನಡುವಿನ ಬೆಳಕಿನ ಮೂವತ್ತು ಪಟ್ಟಿಗಿಂತ ಹೆಚ್ಚು. ವಿದ್ಯುತ್ತಿನ ಖರ್ಚು ವರ್ಷಕ್ಕೆ ಸುಮಾರು 100 ಯೂನಿಟ್. ಸಸಿಗೆ ಇದು ಧಾರಾಳ. ಗಿಡ ಎದೆಯೆತ್ತರ ಬಂದಾಗ ಮೇಲಿನ ದೀಪ ಕೆಳಗಿನ ಎಲೆಗಳನ್ನು ಮುಟ್ಟುವುದಿಲ್ಲ ಎಂಬುದೇ ಇದರ ಮಿತಿ.

ನೀರು, ಗೊಬ್ಬರದ ವಿಚಾರ ಹೆಚ್ಚು ಬೆಳೆಸಬೇಕಿಲ್ಲ, ಯಾಕೆಂದರೆ ಅವೆರಡೂ ಬೆಳಕನ್ನೇ ಹಿಂಬಾಲಿಸುತ್ತವೆ. ಕಡಿಮೆ ಬೆಳಕಿನ ಗಿಡ ಕಡಿಮೆ ನೀರು ಕುಡಿಯುತ್ತದೆ. ಬಾಲ್ಕನಿಯ ಗಿಡಕ್ಕೆ ಹಾಕಿದಷ್ಟೇ ಹಾಕಿದರೆ ಮಣ್ಣು ಸದಾ ಒದ್ದೆಯಾಗಿ, ಗಾಳಿ ಸಿಗದೆ ಬೇರು ಕೊಳೆಯುತ್ತದೆ. ಮನೆಯೊಳಗಿನ ನಿಂಬೆ ಬಾಯಾರಿ ಸಾಯುವುದಕ್ಕಿಂತ ಹೆಚ್ಚಾಗಿ ಹೀಗೇ ಸಾಯುತ್ತದೆ. ಬೆರಳನ್ನು ಒಂದೂವರೆ ಇಂಚು ಮಣ್ಣಿಗೆ ಇಳಿಸಿ, ಒಣಗಿದ್ದರೆ ತಳದ ತೂತಿನಿಂದ ಹರಿಯುವಷ್ಟು ಹಾಕಿ, ಮತ್ತೆ ಒಣಗುವವರೆಗೆ ಸುಮ್ಮನಿರುವುದೇ ಸರಿ. ಎಲೆಯ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಅದು ಹೆಚ್ಚಾಗಿ ಕಬ್ಬಿಣ, ಸತುವಿನ ಕೊರತೆ. ಗಡಸು ಬೋರ್‌ವೆಲ್ ನೀರು ಹಾಕುವ ಕಡೆ ಇದು ಮಾಮೂಲು. ಮಳೆ ಬೀಳದ ಒಳಾಂಗಣದಲ್ಲಿ ಜೇಡನುಸಿ, ಬಿಳಿ ಹಿಟ್ಟುತಿಗಣೆ ಸೇರಿಕೊಳ್ಳುತ್ತವೆ. ತಿಂಗಳಿಗೆರಡು ಸಲ ಎಲೆಯ ಅಡಿಭಾಗ ತೊಳೆದರೆ ಬಹುಪಾಲು ಹತೋಟಿಗೆ ಬರುತ್ತವೆ.

ಮನೆಯೊಳಗಿನ ಗಿಡವನ್ನು ಮತ್ತಷ್ಟು ಮಗುವಾಗಿಸುವ ಇನ್ನೊಂದು ಸಂಗತಿ ಕತ್ತರಿ. ಕುಂಡದ ಗಿಡ ಪೊದೆಯಂತೆ ದುಂಡಗಿರಲಿ ಎಂದು ತುದಿ ಚಿವುಟುವುದು ಎಲ್ಲರ ವಾಡಿಕೆ. ಸದಾಫುಲೆಗೆ, ದಾಸವಾಳಕ್ಕೆ ಅದು ಒಳ್ಳೆಯದೇ. ಬೀಜದ ನಿಂಬೆಯಲ್ಲಿ ತುದಿಯೆಂದರೆ ಇಡೀ ಗಿಡದಲ್ಲಿ ಹೂವಿಗೆ ಅತಿ ಹತ್ತಿರ ಬಂದ ಭಾಗ. ಅದನ್ನು ಕತ್ತರಿಸಿದರೆ ಕೆಳಗಿನ, ಅಂದರೆ ಇನ್ನೂ ಎಳೆಯ ಮೊಗ್ಗುಗಳು ಎದ್ದು ಮತ್ತೆ ಹಿಂದಿನಿಂದ ಎಣಿಕೆ ಶುರುಮಾಡುತ್ತವೆ. ಪ್ರತಿ ವರ್ಷ ಕತ್ತರಿ ಹಾಕಿಸಿಕೊಳ್ಳುವ ಬೀಜದ ನಿಂಬೆ ಹತ್ತು ವರ್ಷವಾದರೂ ಬಾಲ್ಯದ ಎಲ್ಲೆ ದಾಟದಿರುವುದರಲ್ಲಿ ಆಶ್ಚರ್ಯವಿಲ್ಲ. ಒಂದೇ ಕಾಂಡವನ್ನು ಕೋಲಿಗೆ ಕಟ್ಟಿ, ಬುಡದ ಚಿಗುರು ಮಾತ್ರ ತೆಗೆಯುತ್ತ, ನೆತ್ತಿಯನ್ನು ಮುಟ್ಟದೆ ಮೇಲೇರಲು ಬಿಡುವುದು ಬೇಗ ಹೂ ಕಾಣುವ ದಾರಿ. ಮನೆಯೊಳಗೆ ಇದು ಅಂದವಾಗಿ ಕಾಣುವುದಿಲ್ಲ, ಚಾವಣಿಯೂ ಅಡ್ಡ ಬರುತ್ತದೆ. ಅಂದವೋ ಹೂವೋ ಎಂಬುದನ್ನು ಬೆಳೆಸುವವರೇ ಆರಿಸಿಕೊಳ್ಳಬೇಕು. ಎರಡನ್ನೂ ಒಟ್ಟಿಗೆ ಕೇಳಿದರೆ ಗಿಡ ಕೊಡಲಾರದು.

ಬಾಲ್ಯ ಮುಗಿದ ಮೇಲೂ ಹೂವಿಗೆ ಒಂದು ನೆಪ ಬೇಕು. ಫ್ಲೋರಿಡಾದಲ್ಲಿ ಸೌತ್‌ವಿಕ್ ಮತ್ತು ಡ್ಯಾವೆನ್‌ಪೋರ್ಟ್ 1986ರಲ್ಲಿ ತಹಿತಿ ನಿಂಬೆಯ ಮೇಲೆ ನಡೆಸಿದ ಪ್ರಯೋಗದಲ್ಲಿ ನೀರಿನ ಕೊರತೆಯಾಗಲಿ, ತಂಪಾಗಲಿ ಕೆಲವು ವಾರ ತಾಗಿದರೆ ಹೂ ಮೊಗ್ಗು ಹೆಚ್ಚುವುದನ್ನು ತೋರಿಸಿದರು. ದಖ್ಖನಿನ ನಿಂಬೆ ಬೆಳೆಗಾರರು ಇದನ್ನು ಪ್ರಯೋಗಾಲಯಕ್ಕೆ ಬಹಳ ಮೊದಲೇ ಬಲ್ಲರು. ತೋಟಕ್ಕೆ ನೀರು ನಿಲ್ಲಿಸಿ, ಎಲೆ ಬಾಡಿಸಿ, ಆಮೇಲೆ ನೀರು ಬಿಟ್ಟು ಬೇಕಾದ ಕಾಲಕ್ಕೆ ಹೂ ತರಿಸುವ ಬಹಾರ್ ಪದ್ಧತಿ ಅವರದು. ಒಂದೇ ಉಷ್ಣತೆ, ದಿನವೂ ನೀರು ಎಂಬ ಮನೆಯ ಅಕ್ಕರೆಯಲ್ಲಿ ಈ ನೆಪ ಸಿಗುವುದಿಲ್ಲ. ಆದರೆ ಈ ವಿದ್ಯೆಯನ್ನು ಎಳೆಯ ಗಿಡದ ಮೇಲೆ ಪ್ರಯೋಗಿಸಿದರೆ ಎಲೆ ಉದುರುತ್ತದೆ, ಹೂ ಬರುವುದಿಲ್ಲ. ಪ್ರೌಢ ಗಿಡಕ್ಕೆ ಮಾತ್ರ ಅರ್ಥವಾಗುವ ಸಂಕೇತ ಅದು. ಹೂ ಬಂದ ಮೇಲೆ ಪರಾಗಸ್ಪರ್ಶ ಸುಲಭ. ನಿಂಬೆಗೆ ತನ್ನದೇ ಪರಾಗ ಸಾಕು, ಜೇನಿಲ್ಲದ ಕೋಣೆಯಲ್ಲಿ ಮೃದುವಾದ ಕುಂಚ ಆಡಿಸಿದರಾಯಿತು.

ಇಷ್ಟೆಲ್ಲ ಯಾಕೆ, ನರ್ಸರಿಯಿಂದ ಕಸಿ ಗಿಡವನ್ನೋ ಗೂಟಿ ಗಿಡವನ್ನೋ ತಂದರಾಗದೆ ಎಂಬುದೇ ಎಲ್ಲಕ್ಕಿಂತ ಬಲವಾದ ಆಕ್ಷೇಪ. ಹಣ್ಣು ಮಾತ್ರ ಬೇಕಾದವರಿಗೆ ಅದೇ ಸರಿಯಾದ ಸಲಹೆ. ಪ್ರೌಢ ಕೊಂಬೆಯಿಂದ ಬಂದ ಗಿಡಕ್ಕೆ ಮುಗಿಸಬೇಕಾದ ಬಾಲ್ಯವೇ ಇಲ್ಲ. ಅದಕ್ಕೂ ಬೆಳಕು ಬೇಕು, ಆದರೆ ಹೂವಿಗೂ ಹಣ್ಣಿಗೂ ಬೇಕಾದಷ್ಟು ಮಾತ್ರ. ಆದರೆ ಬೀಜದ ಗಿಡವನ್ನು ಕೀಳೆಂದು ಬಿಡುವುದಕ್ಕೆ ನಾನು ಒಪ್ಪುವುದಿಲ್ಲ. ಅದಕ್ಕೆ ಸ್ವಂತ ಬೇರಿದೆ, ತಾಯಿಯ ವೈರಸ್ಸುಗಳ ಹೊರೆಯಿಲ್ಲ, ಆಯುಷ್ಯ ಹೆಚ್ಚು, ಎಲೆ ಕಿವುಚಿದರೆ ಮೊದಲ ತಿಂಗಳಿನಿಂದಲೇ ನಿಂಬೆಯ ಘಮ. ಮೇಲಾಗಿ, ವಯಸ್ಸು ತುದಿಯಲ್ಲಿರುತ್ತದೆ ಎಂಬ ಅರಿವೇ ಬೀಜದ ಗಿಡವನ್ನು ಕುಂಡಕ್ಕೆ ಒಗ್ಗಿಸುವ ಉಪಾಯವನ್ನೂ ಕೊಡುತ್ತದೆ. ಬಾಲ್ಕನಿಯಲ್ಲೋ ತಾರಸಿಯಲ್ಲೋ ಎತ್ತರಕ್ಕೆ ಬಿಟ್ಟ ಬೀಜದ ನಿಂಬೆ ನೆತ್ತಿಯಲ್ಲಿ ಮೊದಲ ಹೂ ಬಿಟ್ಟ ವರ್ಷ, ಮಳೆಗಾಲದ ಶುರುವಿನಲ್ಲಿ, ಅದೇ ಭಾಗದ ಪೆನ್ಸಿಲ್ ದಪ್ಪದ ಕೊಂಬೆಗೆ ಗೂಟಿ ಕಟ್ಟಬೇಕು: ಒಂದು ಇಂಚು ಅಗಲ ಸುತ್ತಲೂ ತೊಗಟೆ ತೆಗೆದು, ಒದ್ದೆ ತೆಂಗಿನ ನಾರಿನ ಪುಡಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿಯಬೇಕು. ಆರರಿಂದ ಎಂಟು ವಾರದಲ್ಲಿ ಹಾಳೆಯೊಳಗೆ ಬಿಳಿ ಬೇರು ಕಾಣುತ್ತದೆ. ಗೂಟಿಯ ಕೆಳಗೆ ಕತ್ತರಿಸಿ ಕುಂಡಕ್ಕೆ ಇಳಿಸಿ, ಹೊಸ ಬೇರು ಮಣ್ಣು ಹಿಡಿಯುವವರೆಗೆ ಹದಿನೈದು ಇಪ್ಪತ್ತು ದಿನ ನೆರಳಲ್ಲಿಟ್ಟು, ಆಮೇಲೆ ದಿನಕ್ಕಿಷ್ಟು ಹೊತ್ತೆಂದು ಬಿಸಿಲಿಗೆ ಒಗ್ಗಿಸುತ್ತ ಪೂರ್ವದ ಕಿಟಕಿಗೆ ತರಬಹುದು. ಮೊಳಕಾಲೆತ್ತರದ ಆ ಗಿಡ ತಾಯಿಯ ನೆತ್ತಿಯ ವಯಸ್ಸಿನದು. ಅದರಲ್ಲಿ ಮುಳ್ಳು ಗಿಡ್ಡ, ಹೂವು ಒಂದೆರಡು ವರ್ಷದೊಳಗೆ.